ಸರಾಸರಿಗೆ ಡ್ರಿಫ್ಟ್ ಬಗ್ಗುವುದಿಲ್ಲ

ಪ್ರಿಯ ಲೇಖಕರೇ,

ಅಳತೆಯ ಉಪಕರಣಗಳ ಗದ್ದಲವನ್ನು, ಅಂದರೆ ರೀಡಿಂಗ್‌ಗಳ ಗೊತ್ತುಗುರಿಯಿಲ್ಲದ ಏರಿಳಿತವನ್ನು, ಸರಾಸರಿಯಿಂದ ತಗ್ಗಿಸುವುದರ ಬಗ್ಗೆ ನೀವು ಬರೆದ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ. ಹಸುಗೂಸಿನ ಶ್ರವಣ ಪರೀಕ್ಷೆಯ ಭಾಗವೂ ಚೆನ್ನಾಗಿದೆ. ಮೂರನೆಯ ಪುಟವೊಂದು ಇಲ್ಲದಿದ್ದರೆ ನೇರವಾಗಿ ಅಚ್ಚಿಗೆ ಕಳುಹಿಸಿಬಿಡುತ್ತಿದ್ದೆ. ಆ ಪುಟ ಓದಿದ ಮೇಲೆ ಚಹಾ ಕೂಡ ರುಚಿಸಲಿಲ್ಲ.

ನಿಮ್ಮ ಕಾಲೇಜಿನ ಡಿಜಿಟಲ್ ತಕ್ಕಡಿಯ ಪ್ರಯೋಗವನ್ನು ಅಲ್ಲಿ ವಿವರಿಸಿದ್ದೀರಿ: ಮಾದರಿಯನ್ನು ಪ್ರಮಾಣ ತೂಕದೊಂದಿಗೆ, ಅಂದರೆ ತೂಕ ಮೊದಲೇ ಖಚಿತವಾಗಿ ಗೊತ್ತಿರುವ ತುಂಡಿನೊಂದಿಗೆ, ಹೋಲಿಸುವ ಪ್ರಯೋಗ. ಮೊದಲ ಸಾಲು: ‘ಪ್ರಮಾಣ ತೂಕದ ನೂರು ರೀಡಿಂಗ್‌ಗಳನ್ನು ತೆಗೆದುಕೊಳ್ಳಲಾಯಿತು.’ ಎರಡನೆಯದು: ‘ತರುವಾಯ ಮಾದರಿಯ ನೂರು ರೀಡಿಂಗ್‌ಗಳನ್ನು ತೆಗೆದುಕೊಳ್ಳಲಾಯಿತು.’ ಯಾರು ತೆಗೆದುಕೊಂಡರು? ಎಷ್ಟು ಹೊತ್ತು ಹಿಡಿಯಿತು? ತಕ್ಕಡಿ ಹಚ್ಚಿ ಎಷ್ಟು ಹೊತ್ತಾಗಿತ್ತು? ‘ಲಾಯಿತು, ಲಾಯಿತು’ ಎಂದು ಬರೆದರೆ ವಿಜ್ಞಾನದ ಗಾಂಭೀರ್ಯ ಬರುತ್ತದೆ ಎಂದು ಯಾರೋ ನಮ್ಮ ಹುಡುಗರ ತಲೆಗೆ ತುಂಬಿದ್ದಾರೆ. ಇಲ್ಲಿ ಆ ಗಾಂಭೀರ್ಯದ ಮರೆಯಲ್ಲಿ ಗಡಿಯಾರವೇ ಕಾಣೆಯಾಗಿದೆ.

ಮೂರನೆಯ ಸಾಲು: ‘ಸರಾಸರಿಯಿಂದಾಗಿ ಗದ್ದಲವೂ ಡ್ರಿಫ್ಟೂ ಹತ್ತು ಪಟ್ಟು ಇಳಿದವು.’ ಗದ್ದಲ ಇಳಿದಿರಬಹುದು. ಒಂದು ರೀಡಿಂಗ್‌ಗೂ ಇನ್ನೊಂದಕ್ಕೂ ಸಂಬಂಧವಿಲ್ಲದೆ ಅಂಕಿ ಅತ್ತಿತ್ತ ಚದುರುತ್ತಿದ್ದರೆ, ಸರಾಸರಿಯಲ್ಲಿ ಗದ್ದಲ ರೀಡಿಂಗ್‌ಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಇಳಿಯುತ್ತದೆ; ನೂರರ ವರ್ಗಮೂಲ ಹತ್ತು, ಲೆಕ್ಕ ಸರಿ. ಡ್ರಿಫ್ಟ್ ಎಂದರೆ ಹಾಗೆ ಚದುರುವುದಲ್ಲ, ಸಮಯ ಕಳೆದಂತೆ ಅಂಕಿ ಒಂದೇ ದಿಕ್ಕಿಗೆ ಜಾರುವುದು. ಕಾಗದದ ಮೇಲೆ ಕೂಡಿಸಿ ನೋಡಿ. ತಕ್ಕಡಿ ಪ್ರತಿ ರೀಡಿಂಗ್‌ಗೆ ಒಂದು ಮೈಕ್ರೋಗ್ರಾಂ ಮೇಲೇರುತ್ತಿದೆ ಎನ್ನೋಣ. ಹತ್ತು ಪ್ರಮಾಣ ತೂಕ, ಆಮೇಲೆ ಹತ್ತು ಮಾದರಿ ಎಂದು ಓದಿದರೆ ಎರಡು ಸರಾಸರಿಗಳ ನಡುವೆ ಬರೀ ಡ್ರಿಫ್ಟ್‌ನಿಂದಲೇ ಹತ್ತು ಮೈಕ್ರೋಗ್ರಾಂ ತಪ್ಪು ಸೇರುತ್ತದೆ. ನೂರು-ನೂರು ಓದಿದರೆ ತಪ್ಪು ನೂರು. ಶ್ರಮ ಹತ್ತು ಪಟ್ಟು ಹೆಚ್ಚಿಸಿ ತಪ್ಪನ್ನೂ ಹತ್ತು ಪಟ್ಟು ಬೆಳೆಸಿದಂತಾಯಿತು.

ನಾನು ಈ ಮೇಜಿಗೆ ಬರುವ ಮೊದಲು ಒಂದು ಪ್ರಯೋಗಾಲಯದ ತೂಕದ ಕೋಣೆಯಲ್ಲಿ ಕೆಲಸ ಕಲಿತವನು. ಅಲ್ಲಿನ ಹಿರಿಯರು ತಕ್ಕಡಿಗೆ ತೀರಾ ಹತ್ತಿರ ಕೂರಲು ಬಿಡುತ್ತಿರಲಿಲ್ಲ; ಮೈಯ ಶಾಖಕ್ಕೆ ಗಾಳಿ ಕದಡಿ ಅಂಕಿ ಓಡಾಡುತ್ತದೆ ಎಂದು ಗದರುತ್ತಿದ್ದರು. ಅವರು ಕಲಿಸಿದ ಕ್ರಮ ಇಷ್ಟೇ: ಪ್ರಮಾಣ, ಮಾದರಿ, ಮಾದರಿ, ಪ್ರಮಾಣ. ನಾಲ್ಕೂ ಸಮಾನ ಅಂತರದಲ್ಲಿ. ಆಗ ಪ್ರಮಾಣದ ಎರಡು ರೀಡಿಂಗ್‌ಗಳ ನಡುಗಾಲವೂ ಮಾದರಿಯ ಎರಡರ ನಡುಗಾಲವೂ ಒಂದೇ ಆಗುತ್ತದೆ, ಡ್ರಿಫ್ಟ್ ನೇರ ಗೆರೆಯಲ್ಲಿ ಸಾಗುತ್ತಿರುವವರೆಗೆ ವ್ಯತ್ಯಾಸದಿಂದ ಪೂರ್ತಿ ಕಳೆದುಹೋಗುತ್ತದೆ. ಸರಾಸರಿ ಮಾಡುವುದಿದ್ದರೆ ಈ ನಾಲ್ಕರ ಗುಂಪುಗಳ ವ್ಯತ್ಯಾಸಗಳನ್ನು ಮಾಡಬೇಕು. ಪುಸ್ತಕದಲ್ಲಿ ಸಮಯದ ಕಾಲಂ ಖಾಲಿಯಿದ್ದರೆ ಅವರು ಆ ಪುಟವನ್ನು ಓದುತ್ತಲೇ ಇರಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಈಗ ನಿಮ್ಮ ಪುಟದ ಮೇಲೆ ಅದೇ ಕೆಲಸ ಮಾಡುತ್ತಿದ್ದೇನೆ.

1946ರಲ್ಲಿ ಭೌತವಿಜ್ಞಾನಿ ರಾಬರ್ಟ್ ಡಿಕಿ ಪ್ರಕಟಿಸಿದ, ಕ್ಷೀಣ ಮೈಕ್ರೋವೇವ್ ವಿಕಿರಣವನ್ನು ಅಳೆಯುವ ರೇಡಿಯೋಮೀಟರಿನ ಉಪಾಯವೂ ಇದೇ ಜಾತಿಯದು. ಆಂಪ್ಲಿಫೈಯರಿನ ಗೇನ್, ಅಂದರೆ ಸಂಕೇತವನ್ನು ಅದು ಹಿಗ್ಗಿಸುವ ಪ್ರಮಾಣ, ಸ್ಥಿರವಾಗಿ ನಿಲ್ಲುವುದಿಲ್ಲ ಎಂದು ಗೊತ್ತಿದ್ದುದರಿಂದ ಅವರು ಆಂಟೆನಾ ಮತ್ತು ತಿಳಿದ ತಾಪದ ಆಕರ ಎರಡನ್ನೂ ಸೆಕೆಂಡಿಗೆ ಹಲವು ಬಾರಿ ಅದಲುಬದಲು ಮಾಡಿ ವ್ಯತ್ಯಾಸವನ್ನಷ್ಟೇ ಅಳೆದರು. ಸರಾಸರಿ ಅದರ ನಂತರದ ಕೆಲಸ. ನೀವು ಮೆಚ್ಚಿ ಬರೆದ ಶ್ರವಣ ಪರೀಕ್ಷೆಯಲ್ಲೂ, ಕಿವಿಗೆ ಕ್ಲಿಕ್ ಸದ್ದು ಕೇಳಿಸಿ ತಲೆಯ ಮೇಲಿನ ವೋಲ್ಟೇಜ್ ಅಳೆಯುವಾಗ, ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಫಿಲ್ಟರ್ ಮೊದಲೇ ಕತ್ತರಿಸಿಹಾಕುತ್ತದೆ. ಸಾವಿರಾರು ಕ್ಲಿಕ್‌ಗಳ ಸರಾಸರಿಗೆ ತಗ್ಗಿಸಲು ಉಳಿಯುವುದು ಬರೀ ಗದ್ದಲ. ಅದನ್ನು ನೀವು ಹೇಳಿಲ್ಲ.

ಕೊನೆಗೆ ಈ ಸಾಲು: ‘ಅವಧಿ ಹೆಚ್ಚಿಸಿದಷ್ಟೂ ನಿಖರತೆ ಹೆಚ್ಚುತ್ತಲೇ ಹೋಗುತ್ತದೆ.’ ದಯವಿಟ್ಟು ಹೊಡೆದುಹಾಕಿ. ಡೇವಿಡ್ ಆಲನ್ ಪರಮಾಣು ಗಡಿಯಾರಗಳಿಗಾಗಿ 1966ರಲ್ಲಿ ಕೊಟ್ಟ ಲೆಕ್ಕದಂತೆ, ಸರಾಸರಿಯ ಅವಧಿ ಹೆಚ್ಚಿದಂತೆ ಅಸ್ಥಿರತೆ ಎಷ್ಟೆಂದು ತೋರಿಸುವ ಗ್ರಾಫ್ ಬರೆದರೆ, ಡ್ರಿಫ್ಟ್ ಇರುವ ಉಪಕರಣದಲ್ಲಿ ಗೆರೆ ಮೊದಲು ಇಳಿದು, ತಳ ಮುಟ್ಟಿ, ಮತ್ತೆ ಏರುತ್ತದೆ. ಸರಾಸರಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಆ ತಳವೇ ಹೇಳುತ್ತದೆ.

ಉಳಿದ ಪುಟಗಳನ್ನು ಮುಟ್ಟಬೇಡಿ. ಅದೇ ತಕ್ಕಡಿಯಲ್ಲಿ, ಅದೇ ಮಾದರಿಯನ್ನು ಈ ನಾಲ್ಕರ ಕ್ರಮದಲ್ಲಿ ಮತ್ತೆ ತೂಗಿ, ಹಳೆಯ ಪಟ್ಟಿಯನ್ನೂ ಹೊಸದನ್ನೂ ಅಕ್ಕಪಕ್ಕ ಕೊಡಿ. ಪ್ರತಿ ರೀಡಿಂಗ್‌ನ ಎದುರು ಸಮಯವಿರಲಿ. ‘ನಾನು ತೂಗಿದೆ’ ಎಂದೇ ಬರೆಯಿರಿ.

ಸಂಪಾದಕ