ಎದ್ದು ಹೋಗುವ ಹಕ್ಕು

ಮಾನ್ಯರೇ,

ಅಧಿಕಾರದಲ್ಲಿರುವವರ ಆದೇಶವನ್ನು ಜನ ಎಷ್ಟರಮಟ್ಟಿಗೆ ಪಾಲಿಸುತ್ತಾರೆಂದು ಅಳೆದ, ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ವಿಧೇಯತೆಯ ಪ್ರಯೋಗವನ್ನು ಕುರಿತ ನಮ್ಮ ಲೇಖನಕ್ಕೆ ತಾವು ಬರೆದ ಪ್ರತಿಕ್ರಿಯೆ ತಲುಪಿದೆ. ಪ್ರಯೋಗದ ನಂತರ ಭಾಗವಹಿಸಿದವರಿಗೆ ಕಳುಹಿಸಿದ ಪ್ರಶ್ನಾವಳಿಗೆ ಉತ್ತರಿಸಿದವರಲ್ಲಿ ಶೇಕಡ 84ರಷ್ಟು ಮಂದಿ ಭಾಗವಹಿಸಿದ್ದಕ್ಕೆ ಸಂತೋಷಪಟ್ಟಿರುವಾಗ ಆ ಪ್ರಯೋಗವನ್ನು ಅನೈತಿಕವೆನ್ನುವುದು ಹೇಗೆ ಎಂದು ಕೇಳಿದ್ದೀರಿ. ತಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದಲೇ ಆತಂಕದ ಪ್ರಶ್ನಾವಳಿಗಳನ್ನು ತುಂಬಿಸಿಕೊಳ್ಳುವುದು ಸರಿಯೇ ಎಂದೂ ಕೇಳಿದ್ದೀರಿ. ಎರಡು ಪ್ರಶ್ನೆಗಳಿಗೂ ಹತ್ತಿರದ ನಂಟಿದೆ.

1961ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಬಂದವರಿಗೆ ಇದು ನೆನಪಿನ ಶಕ್ತಿಯ ಅಧ್ಯಯನವೆಂದು ಹೇಳಲಾಗಿತ್ತು. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಕೊಟ್ಟಾಗಲೆಲ್ಲ, ಅವನಿಗೆ ವಿದ್ಯುತ್ ಶಾಕ್ ಕೊಡುತ್ತವೆಂದು ಹೇಳಲಾದ, 15 ವೋಲ್ಟ್‌ನಿಂದ 450 ವೋಲ್ಟ್‌ವರೆಗೆ ಏರುವ ಸ್ವಿಚ್ಚುಗಳನ್ನು ಅವರು ಒತ್ತಬೇಕಿತ್ತು. ಶಾಕ್ ನಿಜವಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. 40 ಜನರಲ್ಲಿ 26 ಜನ ಕೊನೆಯ ಸ್ವಿಚ್ಚಿನವರೆಗೂ ಹೋದರೆಂಬ 1963ರ ವರದಿಯ ಅಂಕಿಯನ್ನು ಎಲ್ಲರೂ ಉದ್ಧರಿಸುತ್ತಾರೆ. ಅವರು ಬೆವರಿದ್ದು, ನಡುಗಿದ್ದು, ತೊದಲಿದ್ದು, ಮೂವರು ಹತೋಟಿ ಮೀರಿದ ಮೈ ಸೆಳೆತಕ್ಕೊಳಗಾದದ್ದು, ಅವರಲ್ಲೊಬ್ಬರ ಸ್ಥಿತಿ ಕಂಡು ಪ್ರಯೋಗವನ್ನೇ ನಿಲ್ಲಿಸಬೇಕಾಗಿ ಬಂದದ್ದು, ಇವೆಲ್ಲವೂ ಅದೇ ವರದಿಯಲ್ಲಿವೆ.

ನನ್ನನ್ನು ಹೆಚ್ಚು ಕಾಡುವುದು ಶಾಕ್‌ನ ಸುಳ್ಳಲ್ಲ. ಸಂಭಾವನೆಯ ನಾಲ್ಕು ಡಾಲರ್ ಬಂದದ್ದಕ್ಕೇ ಸಲ್ಲುವುದೆಂದು ಮೊದಲೇ ತಿಳಿಸಿದ್ದ ಪ್ರಯೋಗಕಾರರು, ಬಂದವರು ಸಾಕೆಂದಾಗ ಮಾತ್ರ "ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಯಲೇಬೇಕು" ಎಂಬಂತಹ ಮಾತುಗಳಿಂದ ಒತ್ತಾಯಿಸುತ್ತಿದ್ದರು. ದಾರಿ ಇತ್ತು. ಎದುರಿಗಿದ್ದ ಮನುಷ್ಯನಿಗೆ ಅವನ ಸ್ವಂತ ಸ್ವಾತಂತ್ರ್ಯದ ವಿಷಯದಲ್ಲೇ ಸುಳ್ಳು ಹೇಳಿದ ಮೇಲೆ, ಆತ ಎಷ್ಟೇ ಸಂತೋಷಪಟ್ಟರೂ ಅದು ಮೊದಲು ಪಡೆಯದ ಸಮ್ಮತಿಯ ಸ್ಥಾನವನ್ನು ತುಂಬಲಾರದು. ಪ್ರಯೋಗಕ್ಕೆ ಬಂದವರ ಘನತೆಯ ಪ್ರಶ್ನೆಯನ್ನು ಮನೋವಿಜ್ಞಾನಿ ಡಯಾನಾ ಬೌಮ್‌ರಿಂಡ್ 1964ರಲ್ಲೇ ಎತ್ತಿದ್ದರು. ಅನೇಕರು ಪೂರ್ಣ ಸತ್ಯವನ್ನು ತಿಳಿಯದೆಯೇ ಅಂದು ಮನೆಗೆ ಮರಳಿದ್ದರೆಂದು ಯೇಲ್‌ನ ದಾಖಲೆಗಳನ್ನು ಪರಿಶೀಲಿಸಿದ ಲೇಖಕಿ ಜೀನಾ ಪೆರಿ 2012ರಲ್ಲಿ ತೋರಿಸಿದರು.

ಭಾಗವಹಿಸುವವರ ಸಮ್ಮತಿ ಮತ್ತು ಘನತೆಯನ್ನು ಕಾಯುವ ನಿರ್ಬಂಧಗಳಿದ್ದರೆ ಜ್ಞಾನವೇ ದೊರೆಯುತ್ತಿರಲಿಲ್ಲವೆಂಬ ತಮ್ಮ ವಾದವನ್ನು ನಾನು ಒಪ್ಪಲಾರೆ. ಮಿಲ್‌ಗ್ರಾಮ್ ಪ್ರಯೋಗವನ್ನೇ ಮರಳಿ ನಡೆಸಿ ಮನೋವಿಜ್ಞಾನಿ ಜೆರ್ರಿ ಬರ್ಗರ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾನಸಿಕವಾಗಿ ತೊಂದರೆಗೊಳಗಾಗಬಹುದಾದವರನ್ನು ಮೊದಲೇ ಕೈಬಿಟ್ಟು, ಯಾವಾಗ ಬೇಕಾದರೂ ಹಣದೊಂದಿಗೆ ಹೊರನಡೆಯಬಹುದೆಂದು ಮತ್ತೆ ಮತ್ತೆ ತಿಳಿಸಿ, 150 ವೋಲ್ಟ್‌ನ ಹಂತದಲ್ಲೇ ನಿಲ್ಲಿಸಿ, ಕೂಡಲೇ ನಿಜವನ್ನು ವಿವರಿಸಿದರು. ಅಲ್ಲಿಯೂ ಹಿಂಜರಿದವರಿಗೆ ಒತ್ತಾಯದ ಅವೇ ಮಾತುಗಳನ್ನು ಹೇಳಲಾಯಿತೆಂಬುದು ನಿಜ, ಆ ಮಟ್ಟಿಗೆ ನನ್ನ ಆಕ್ಷೇಪ ಉಳಿಯುತ್ತದೆ. ಆದರೂ ಅಪಾಯವನ್ನು ಇಷ್ಟು ತಗ್ಗಿಸಿಯೂ ವಿಧೇಯತೆಯನ್ನು ಅಳೆಯಲು ಸಾಧ್ಯವಾಯಿತು.

ಇನ್ನು ತಮ್ಮ ತರಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ, ಅಧಿಕಾರದ ಕೆಳಗಿರುವ ವಿದ್ಯಾರ್ಥಿಗಳನ್ನು ವಿಶೇಷ ರಕ್ಷಣೆ ಬೇಕಾದವರೆಂದೇ ಪರಿಗಣಿಸುತ್ತದೆ. ಆಂತರಿಕ ಅಂಕ ಕೊಡುವ ಅಧ್ಯಾಪಕರೇ ಹಾಳೆ ಹಂಚಿದರೆ "ಒಲ್ಲೆ" ಎನ್ನುವ ಧೈರ್ಯ ಯಾರಿಗಿರುತ್ತದೆ? ಆದ್ದರಿಂದ ಆ ತರಗತಿಗೆ ಪಾಠ ಮಾಡದ ಬೇರೊಬ್ಬರು ಹೆಸರು ಬರೆಸದೆ ಉತ್ತರಗಳನ್ನು ಪಡೆಯಲಿ, ಖಾಲಿ ಹಾಳೆಯನ್ನೂ ಮಡಚಿ ಅದೇ ಪೆಟ್ಟಿಗೆಗೆ ಹಾಕಬಹುದೆಂದು ಮೊದಲೇ ಹೇಳಲಿ, ಆತಂಕ ಹೆಚ್ಚಾದವರು ಯಾರನ್ನು ಕಾಣಬೇಕೆಂಬುದನ್ನು ಹಾಳೆಯ ಮೇಲೆಯೇ ಮುದ್ರಿಸಿರಲಿ.

— ಸಂಪಾದಕ