ವೃದ್ಧಾಶ್ರಮದಲ್ಲಿ ಬಾಗಿಲು ತೆರೆದೇ ಅಮ್ಮನಿಗೆ ಡೈಪರ್ ಬದಲಿಸುತ್ತಾರೆ, ಕ್ಯಾಮೆರಾ ಬೇರೆ ಇದೆ. ಕೇಳಿದರೆ ತಪ್ಪಾಗುತ್ತದೆಯೇ?

ಖಂಡಿತ ಕೇಳಿ. ಕೇಳಿದರೆ ಅವರ ಸಿಟ್ಟು ಅಮ್ಮನ ಮೇಲೆ ತಿರುಗಬಹುದು ಅಂತ ಬರೆದಿದ್ದೀರಿ. ಆ ಭಯ ಸುಮ್ನೆ ಬಂದದ್ದಲ್ಲ. ಆದರೆ ನಾನೂ ಇಂಥದೇ ಒಂದು ಕಡೆ ನರ್ಸ್. 'ನೀವು ಸರಿಯಾಗಿ ನೋಡಿಕೊಳ್ಳೋದಿಲ್ಲ' ಅಂದರೆ ಆಯಾ ಮುಖ ತಿರುಗಿಸುತ್ತಾರೆ. 'ಅಮ್ಮನಿಗೆ ನಾಚಿಕೆ ಜಾಸ್ತಿ, ಒಂಚೂರು ಪರದೆ ಎಳೆದುಬಿಡಿ ಅಕ್ಕಾ' ಅಂದರೆ ಎಳೆಯುತ್ತಾರೆ. ಪರದೆಯೇ ಇಲ್ಲದಿದ್ದರೆ ಅದು ಆಯಾ ತಪ್ಪಲ್ಲ, ಮ್ಯಾನೇಜರ್ ಹತ್ತಿರ ಹೋಗಿ. ಚಕ್ರವಿರುವ ಮಡಿಸುವ ಸ್ಕ್ರೀನ್ ಒಂದಿದ್ದರೆ ಇಡೀ ರೂಮಿಗೆ ಸಾಕು.

ಅಮ್ಮ ಸ್ನಾನದ ಹೊತ್ತಿಗೆ ಹಠ ಮಾಡ್ತಾರೆ, ಹೊಡೆಯೋಕೆ ಬರ್ತಾರೆ ಅಂತ ಆಶ್ರಮದವರು ದೂರಿದರಂತೆ. ಅಲ್ಲೇ ವಿಷಯ ಇರುವುದು. ಮರೆವಿನ ಕಾಯಿಲೆ ಇದ್ದವರಿಗೆ ಎದುರಿಗಿರುವವರು ಆಯಾ ಅಂತಲೇ ಗೊತ್ತಾಗುವುದಿಲ್ಲ. ಯಾರೋ ಬಂದು ನೈಟಿ ಎತ್ತಿದರು ಅಂತಷ್ಟೇ ತಿಳಿಯುತ್ತದೆ. ಕೈ ಬೀಸದೆ ಇನ್ನೇನು ಮಾಡಿಯಾರು?

ಹಾಸಿಗೆಯಲ್ಲೇ ಮೈ ಒರೆಸುವಾಗ ಪೂರ್ತಿ ಬಟ್ಟೆ ತೆಗೆಯುವ ಅಗತ್ಯವೇ ಇಲ್ಲ. ಮೊದಲು ಬಾಗಿಲು ತಟ್ಟಬೇಕು, 'ಅಮ್ಮಾ, ಮುಖ ಒರೆಸ್ತೀನಿ' ಅಂತ ಹೇಳಬೇಕು. ಮೈಮೇಲೆ ದೊಡ್ಡ ಟವೆಲ್ ಹೊದಿಸಿ, ಅದರ ಕೆಳಗಿಂದ ಬಟ್ಟೆ ಸರಿಸಬೇಕು. ಒಂದು ಕೈ ಹೊರಗೆ ತೆಗೆದು ತೊಳೆದು, ಒರೆಸಿ, ಮತ್ತೆ ಮುಚ್ಚಿ, ಆಮೇಲೆ ಇನ್ನೊಂದು ಕೈ. ಕೆಳಗಿನ ಭಾಗ ಕೊನೆಗೆ, ಹೊಸ ನೀರಿನಲ್ಲಿ, ಮುಂದಿನಿಂದ ಹಿಂದಕ್ಕೆ. ಅಮ್ಮನ ಕೈ ಆಡುತ್ತಿದ್ದರೆ ಒರೆಸುವ ಬಟ್ಟೆ ಅವರ ಕೈಗೇ ಕೊಡಬೇಕು. ನಿಧಾನವಾಗುತ್ತದೆ, ನಿಜ. ಹತ್ತು ಜನರಿಗೆ ಒಬ್ಬಳೇ ಆಯಾ ಇದ್ದರೆ ಇದು ಆಗದ ಮಾತು. ಹಾಗಾಗಿ ಬೆಳಿಗ್ಗೆ ಎಷ್ಟು ಜನ ಡ್ಯೂಟಿಯಲ್ಲಿರುತ್ತಾರೆ ಅಂತಲೂ ವಿಚಾರಿಸಿ. ಗಂಡು ಕೇರ್‌ಟೇಕರ್ ಬೇಡವಾದರೆ ಮುಂಚೆಯೇ ಬರೆದುಕೊಡಿ, ರಾತ್ರಿ ಪಾಳಿಗೂ ಸೇರಿಸಿ.

ಮುಂದೆ ಗುಂಡಿ ಇರುವ ನೈಟಿ ತಂದುಕೊಡಿ. ತಲೆಯ ಮೇಲಿಂದ ಎಳೆಯುವ ರಗಳೆ ತಪ್ಪುತ್ತದೆ.

ಇನ್ನು ಸಿಸಿಟಿವಿ. ಗೇಟು, ಕಾರಿಡಾರ್, ಊಟದ ಹಾಲ್‌ನಲ್ಲಿ ಇರಲಿ. ಮಂಚಕ್ಕೇ ಮುಖ ಮಾಡಿದ್ದರೆ, ಅದು ಕಾಣುವ ಟಿವಿ ಎಲ್ಲಿದೆ ನೋಡಿ. ರಿಸೆಪ್ಷನ್‌ನಲ್ಲಿದ್ದರೆ ಬಂದುಹೋಗುವವರೆಲ್ಲ ನೋಡಿದ ಹಾಗೇ ಅಲ್ವಾ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. (ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೇ ತೊಂಬತ್ತು ದಾಟಿತ್ತು!) ಹೆಂಗಸರು ಬಟ್ಟೆ ಬದಲಿಸುವಾಗ, ಸ್ನಾನ ಮಾಡುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಅಮ್ಮನಿಗೆ ವಯಸ್ಸಾಯಿತು ಅಂತ ಅದರಲ್ಲಿ ರಿಯಾಯಿತಿ ಇಲ್ಲ.

ಫೋಟೋ ವಿಷಯದಲ್ಲಿ ಮನೆಯವರನ್ನೂ ಒಂದು ಮಾತು ಅನ್ನಬೇಕು. ಬೆನ್ನಿನ ಹುಣ್ಣು ಹೇಗಿದೆ ಅಂತ ನಾವು ಕಳಿಸಿದ ಫೋಟೋ ಮರುಕ್ಷಣವೇ ಫ್ಯಾಮಿಲಿ ಗ್ರೂಪಿಗೆ ಹೋಗಿರುತ್ತದೆ. ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ ಇರುವ ಗ್ರೂಪು. ನಿಮ್ಮ ನಂಬರಿಗೆ ಮಾತ್ರ ಕಳಿಸಲು ಹೇಳಿ, ನೀವೂ ಅಲ್ಲಿಗೇ ನಿಲ್ಲಿಸಿ.

ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದ ಮೇಲೆ ಅದನ್ನೇ ವಾಟ್ಸಾಪ್‌ನಲ್ಲೂ ಹಾಕಿ, ದಾಖಲೆ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.