ಅನ್ನ ಸಿಗುತ್ತದೆ, ಪಟ್ಟಿ ಓದಲಿಕ್ಕೆ ಆಗುವುದಿಲ್ಲ

"ನಿಮ್ಮ ಕೇರಳದಲ್ಲಿ ಪಂಚಾಯತೇ ಮುದುಕರಿಗೆ ಮಧ್ಯಾಹ್ನದ ಊಟ ಹಾಕುತ್ತದಂತೆ, ಮತ್ತೆ ಕನ್ನಡ ಕನ್ನಡ ಅಂತ ಗೋಳು ಯಾಕೆ? ಅಷ್ಟು ಬೇಕಿದ್ದರೆ ಮಂಗಳೂರಿಗೆ ಬಂದುಬಿಡಿ" ಅಂತ ಫೋನಿನಲ್ಲಿ ಹೇಳಿದೆಯಲ್ಲ ಮಾರಾಯ, ಅದಕ್ಕೆ ಕಾಸರಗೋಡಿನಿಂದ ಉತ್ತರ ಬರೆಯುತ್ತಿದ್ದೇನೆ.

ಊಟ ಹಾಕುವುದು ನಿಜ. ಎಲ್ಲ ಪಂಚಾಯತಿನಲ್ಲೂ ಇಲ್ಲ, ಇದ್ದಲ್ಲೂ ಎಲ್ಲರಿಗೂ ಇಲ್ಲ, ಆದರೆ ಇದೆ. ಪಗಲ್‌ವೀಡು ಅಂತ ಕರೆಯುತ್ತಾರೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಹಗಲುಮನೆ. ನಮ್ಮಲ್ಲಿ ಕುಟುಂಬಶ್ರೀ ಅನ್ನುವ ಮಹಿಳಾ ಸ್ವಸಹಾಯ ಸಂಘದ ಹೆಂಗಸರು ಅಡುಗೆ ಮಾಡುತ್ತಾರೆ. ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು, ಒಂದು ಪಲ್ಯ, ಮಜ್ಜಿಗೆ. ಹಲ್ಲಿಲ್ಲದವರಿಗೆ ಅನ್ನ ಇನ್ನೂ ಸ್ವಲ್ಪ ಬೇಯಿಸಿ ಬೇರೆ ಪಾತ್ರೆಯಲ್ಲಿ ಇಡುತ್ತಾರೆ. ಬಡಿಸುವ ಹೆಂಗಸು ಒಬ್ಬರ ಹತ್ತಿರ ತುಳು, ಪಕ್ಕದವರ ಹತ್ತಿರ ಮಲಯಾಳ, ಆಚೆಯವರ ಹತ್ತಿರ ಕನ್ನಡ ಮಾತಾಡುತ್ತಾ ಸಾಲು ಮುಗಿಸುತ್ತಾಳೆ. ಅಡುಗೆಮನೆಯಲ್ಲಿ ನಮಗೆ ಭಾಷೆಯ ಜಗಳ ಇಲ್ಲ, ಇದನ್ನು ನೀನು ಮೊದಲು ತಿಳಿದುಕೊಳ್ಳಬೇಕು.

ಹಣ ಎಲ್ಲಿಂದ ಬರುತ್ತದೆ ಅಂತಲೂ ಕೇಳಿದೆ. ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಊರಿನವರೇ ಮಾಡುವ ಪದ್ಧತಿ, ಶುರುವಾದ ಮೇಲೆ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ನೇರ ಪಂಚಾಯತಿಗೆ, ನಗರಸಭೆಗೆ ಬರುತ್ತದೆ. ಅದರಲ್ಲಿ ವೃದ್ಧರಿಗೆ ಅಂತ ಒಂದು ಪಾಲು ತೆಗೆದಿಡಬೇಕು. ಯೋಜನೆ ಮೊದಲು ಗ್ರಾಮಸಭೆ, ವರ್ಕಿಂಗ್ ಗ್ರೂಪು, ಆಡಳಿತ ಸಮಿತಿ ದಾಟಬೇಕು, ಕಡೆಗೆ ಜಿಲ್ಲಾ ಯೋಜನಾ ಸಮಿತಿಯ ಮಂಜೂರಾತಿ. ಮಾರ್ಚ್ ಬಂತೆಂದರೆ ಬಿಲ್ಲುಗಳು ಟ್ರೆಷರಿಯಲ್ಲಿ ಸಾಲು ನಿಲ್ಲುತ್ತವೆ, ಅಷ್ಟು ದಿನ ಅಂಗಡಿಯವನು ಅಕ್ಕಿ, ಬೇಳೆ ಸಾಲ ಕೊಡಬೇಕು. ಹಣದ ದಾರಿ ಇಲ್ಲಿ ಹೀಗೇ. ಕುಟುಂಬಶ್ರೀ ಹೆಂಗಸರು ನಡೆಸುವ ಅಗ್ಗದ ಊಟದ ಜನಕೀಯ ಹೋಟೆಲನ್ನೇ ನೋಡು. 2020ರಲ್ಲಿ 20 ರೂಪಾಯಿಗೆ ಊಟ ಅಂತ ಶುರುವಾಯಿತು, ಊಟವೊಂದಕ್ಕೆ ಸರಕಾರ 10 ರೂಪಾಯಿ ಸಬ್ಸಿಡಿ ಕೊಡುತ್ತಿತ್ತು. 2023ರಲ್ಲಿ ಅದು ನಿಂತಿತು, ಊಟ 30 ರೂಪಾಯಿ ಆಯಿತು. ದುಡಿದ ಹೆಂಗಸರಿಗೆ ಬರಬೇಕಾದ ಬಾಕಿಗೆ ಕಾದು ಕೂರುವ ಗತಿ ಬಂತು. ಇದು ಕಾಸರಗೋಡಿಗೆ ಮಾತ್ರ ಬಂದ ಕಷ್ಟ ಅಲ್ಲ, ತಿರುವನಂತಪುರದವರೆಗೂ ಇತ್ತು.

ನಮ್ಮ ಕಷ್ಟ ಬೇರೆ, ಅದು ಪಟ್ಟಿಯದ್ದು. ಯಾರಿಗೆ ಊಟ, ಯಾರಿಗೆ ಮಂಚ, ಯಾರ ಮನೆಗೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಪಾಲಿಯೇಟಿವ್ ನರ್ಸು ಹೋಗಬೇಕು ಅಂತ ಕರಡು ಪಟ್ಟಿ ಮಾಡಿ ಪಂಚಾಯತಿನ ನೋಟೀಸು ಬೋರ್ಡಿಗೆ ಅಂಟಿಸುತ್ತಾರೆ. ಹೆಸರು ಬಿಟ್ಟುಹೋಗಿದ್ದರೆ ಇಷ್ಟು ದಿನದೊಳಗೆ ಅರ್ಜಿ ಕೊಡಿ ಅಂತ ಕೆಳಗೆ ಬರೆದಿರುತ್ತದೆ. ಎಲ್ಲ ಮಲಯಾಳದಲ್ಲಿ. ನಮ್ಮ ನೆರೆಮನೆಯ ಅಜ್ಜ ಕನ್ನಡ ಶಾಲೆಯಲ್ಲಿ ಓದಿದವರು. ದಿನಾ ಪೇಪರು ಓದುತ್ತಾರೆ, ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ಅಂಥವರು ಆ ಬೋರ್ಡಿನ ಎದುರು ನಿಂತು ದಾರಿಯಲ್ಲಿ ಹೋಗುವ ಶಾಲೆ ಮಕ್ಕಳನ್ನು ಕರೆದು "ಇದರಲ್ಲಿ ನನ್ನ ಹೆಸರು ಉಂಟಾ ನೋಡು ಮಗಾ" ಅಂತ ಕೇಳಬೇಕು. ಮಗು ನೋಡಿ ಇಲ್ಲ ಅಂದಿತು. ಕೆಳಗಿನ ಸಾಲನ್ನು ಅದು ಓದಲಿಲ್ಲ, ಓದಬೇಕು ಅಂತ ಅದಕ್ಕೇನು ಗೊತ್ತು? ಗಡುವು ದಾಟಿತು. ಆಫೀಸಿನಲ್ಲಿ ಕೇಳಿದರೆ, ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿ, ಪಾಪ, ಒಳ್ಳೆಯವರೇ, "ನೋಟೀಸು ಹಾಕಿತ್ತಲ್ಲ" ಅಂದರು. ಅವರಿಗೆ ಕನ್ನಡ ಬರುವುದಿಲ್ಲ, ಅಜ್ಜನಿಗೆ ಆಫೀಸಿನ ಮಲಯಾಳ ಅರ್ಥವಾಗುವುದಿಲ್ಲ. ಒಂದು ವರ್ಷದ ಊಟ ಹೋಯಿತು.

ನಾವು ಭಿಕ್ಷೆ ಬೇಡುತ್ತಿಲ್ಲ ಕಣೋ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲೇ ಇದೆ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳದ ಮೇಲೆ ನಮಗೆ ದ್ವೇಷ ಇಲ್ಲ. ನನ್ನ ಮಕ್ಕಳು ಓದುತ್ತಾರೆ, ಬರೆಯುತ್ತಾರೆ. ಎಂಬತ್ತರ ಹರೆಯದವರು ಈಗ ಹೊಸ ಲಿಪಿ ಕಲಿತು ಊಟ ಕೇಳಬೇಕಾ?

ಇನ್ನು ಮಂಗಳೂರಿಗೆ ಬನ್ನಿ ಅಂದೆಯಲ್ಲ, ಅದು ನನಗೆ ನಿಜಕ್ಕೂ ನೋವಾಯಿತು. 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದ್ದು ಕರ್ನಾಟಕ. ಗಡಿಯ ಸಣ್ಣ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ರೋಗಿಗಳು ಆಚೆ ದಾಟಲಾಗದೆ ಸತ್ತರು. ಅದೇ ಹೊತ್ತಿಗೆ ಒಬ್ಬಂಟಿ ಮುದುಕರ ಮನೆಬಾಗಿಲಿಗೆ ಬಾಳೆಎಲೆ ಕಟ್ಟಿನ ಊಟ ತಂದುಕೊಟ್ಟದ್ದು ಪಂಚಾಯತಿನ ಕಮ್ಯೂನಿಟಿ ಕಿಚನ್. ಆ ಅನ್ನದ ಋಣ ನಾನು ಮರೆಯುವವನಲ್ಲ. 1956ರಲ್ಲಿ ರಾಜ್ಯಗಳ ಗಡಿಗೆರೆ ಎಳೆದವರು ನಮ್ಮನ್ನು ಕೇಳಿ ಎಳೆಯಲಿಲ್ಲ, ಆದರೆ ತೋಟ, ದೈವದ ಗುಡಿ, ಶಾಲೆ ಎಲ್ಲ ಇಲ್ಲೇ ಇದೆ. ಇಲ್ಲೇ ಇರುತ್ತೇವೆ, ಕನ್ನಡದಲ್ಲೇ ಇರುತ್ತೇವೆ.

ಈ ಸಲದ ಗ್ರಾಮಸಭೆಯಲ್ಲಿ ಒಂದೇ ಬೇಡಿಕೆ ಇಟ್ಟಿದ್ದೇವೆ: ಮಲಯಾಳದ ಪಟ್ಟಿಯ ಪಕ್ಕದಲ್ಲಿ ಅದನ್ನೇ ಕನ್ನಡದಲ್ಲೂ ಅಂಟಿಸಿ, ಗಡುವಿನ ದಿನಾಂಕ ದಪ್ಪ ಅಕ್ಷರದಲ್ಲಿ ಇರಲಿ. ಕನ್ನಡ ಗೊತ್ತಿರುವ ಅಂಗನವಾಡಿ ಟೀಚರು ಬರೆದುಕೊಡಲು ಒಪ್ಪಿದ್ದಾರೆ. ಅಜ್ಜನ ಹೊಸ ಅರ್ಜಿ ನಾನು ಕನ್ನಡದಲ್ಲೇ ಬರೆದುಕೊಟ್ಟೆ, ರಶೀದಿ ತೆಗೆದುಕೊಂಡಿದ್ದೇವೆ. ಉತ್ತರ ಮಲಯಾಳದಲ್ಲಿ ಬಂದರೆ ಕಾಯಿದೆಯ ಪ್ರತಿ ಇಟ್ಟು ಅದನ್ನು ವಾಪಸು ಕಳಿಸುವುದೆಂದು ಅಜ್ಜನೇ ಹೇಳಿದ್ದಾರೆ.